‘ಗ್ರೇಡ್ 1 ತಾನೇ’ ಅಂತ ಬೀರುವಿಗೆ ಸೇರಿಸಬೇಡಿ

ಹೊಟ್ಟೆನೋವು ಅಂತ ಸ್ಕ್ಯಾನಿಂಗ್‌ಗೆ ಹೋಗಿರುತ್ತೀರಿ. ಕಿಡ್ನಿ ಸರಿಯಿದೆ, ಗರ್ಭಕೋಶ ಸರಿಯಿದೆ. ಕೊನೆಯ ಸಾಲಿನಲ್ಲಿ ಮಾತ್ರ ‘ಗ್ರೇಡ್ 1 ಫ್ಯಾಟಿ ಲಿವರ್’. “ಅಯ್ಯೋ, ಇದು ಈಗ ಎಲ್ಲರಿಗೂ ಇರತ್ತೆ ಬಿಡ್ರೀ” ಅಂತಾರೆ ಪಕ್ಕದ ಮನೆಯವರು. ರಿಪೋರ್ಟು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಸೇರಿಬಿಡುತ್ತದೆ. ನನ್ನದೂ ಎರಡು ವರ್ಷ ಅಲ್ಲೇ ಇತ್ತು.

ಅದನ್ನು ಹೊರಗೆ ತೆಗೆಸಿದ್ದು ನಮ್ಮ ದೊಡ್ಡಮ್ಮನ ಕಾಯಿಲೆ. ಶನಿವಾರದ ಒಪ್ಪೊತ್ತು ತಪ್ಪಿಸದ, ಹೆಂಡದ ವಾಸನೆಯನ್ನೂ ಕಾಣದ ಹೆಂಗಸು. ಸಕ್ಕರೆ ಕಾಯಿಲೆ ಮಾತ್ರ ಬಹಳ ವರ್ಷದಿಂದ ಇತ್ತು. ಕಾಲು ಊದಿದಾಗ ‘ನಿಂತು ನಿಂತು ಹೀಗಾಗಿದೆ’ ಅಂದರು. ಹೊಟ್ಟೆ ಬಂದಾಗ ‘ವಯಸ್ಸಾಯ್ತಲ್ಲ’ ಅಂದರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಹೊಟ್ಟೆಯಲ್ಲಿ ನೀರು ತುಂಬಿತ್ತು. ಸಿರೋಸಿಸ್! “ಕುಡೀತಿದ್ರಾ?” ಅಂತ ನೆಂಟರೊಬ್ಬರು ಪಿಸುಗುಟ್ಟಿದ್ದು ದೊಡ್ಡಮ್ಮನ ಕಿವಿಗೂ ಬಿತ್ತು.

ಲಿವರ್ ತನ್ನ ಕಷ್ಟ ಹೇಳಿಕೊಳ್ಳುವ ಅಂಗವಲ್ಲ. ಅದರ ಒಳಭಾಗಕ್ಕೆ ನೋವೇ ಗೊತ್ತಾಗುವುದಿಲ್ಲ. ಅರ್ಧಕ್ಕರ್ಧ ಹಾಳಾದರೂ ಉಳಿದ ಭಾಗ ಎಲ್ಲ ಕೆಲಸ ತೂಗಿಸಿಕೊಂಡು ಹೋಗುತ್ತದೆ. ಥೇಟ್ ನಮ್ಮ ಹಾಗೆ ಅನ್ನಿ.

ಒಳಗೆ ನಡೆಯುವುದು ಇಷ್ಟು. ಬೊಜ್ಜು, ಸಕ್ಕರೆ ಕಾಯಿಲೆ ಇದ್ದವರ ಲಿವರ್‌ನಲ್ಲಿ ಕೊಬ್ಬು ಸೇರುತ್ತದೆ. ಎಷ್ಟೋ ಜನರಿಗೆ ಅದು ಅಲ್ಲಿಗೇ ನಿಲ್ಲುತ್ತದೆ. ಕೆಲವರಿಗೆ ಉರಿಯೂತ ಶುರುವಾಗುತ್ತದೆ. ಕೈ ಸುಟ್ಟ ಜಾಗ ಮಾಯ್ದ ಮೇಲೆ ಗಟ್ಟಿ ಕಲೆ ಉಳಿಯುವುದಿಲ್ಲವೇ, ಹಾಗೆ ಲಿವರ್‌ನಲ್ಲೂ ನಾರು ಕಟ್ಟುತ್ತದೆ. ಇದೇ ಫೈಬ್ರೋಸಿಸ್. ಇದನ್ನು ಎಫ್1ರಿಂದ ಎಫ್4ರವರೆಗೆ ಅಳೆಯುತ್ತಾರೆ. ಎಫ್4 ಅಂದರೆ ಸಿರೋಸಿಸ್. ಗಂಟುಗಂಟಾದ ಲಿವರ್‌ನಲ್ಲಿ ರಕ್ತ ಸಲೀಸಾಗಿ ಹರಿಯದೆ ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಬುದ್ಧಿಗೆ ಮಂಕು, ಕೆಲವರಿಗೆ ಕ್ಯಾನ್ಸರ್ ಕೂಡ. ಬರೀ ಕೊಬ್ಬಿದ್ದು ಫೈಬ್ರೋಸಿಸ್ ಮುಂದುವರಿದರೆ ಒಂದು ಹಂತ ಏರಲು ಸರಾಸರಿ 14 ವರ್ಷ, ಉರಿಯೂತವೂ ಇದ್ದರೆ 7 ವರ್ಷ. ಕೆಲವರಲ್ಲಿ ಇದಕ್ಕಿಂತ ಬೇಗ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಅಪಾಯ ಇನ್ನೂ ಹೆಚ್ಚು.

ನನ್ನ ತಕರಾರು ಇರುವುದು ಆ ‘ಗ್ರೇಡ್’ ಅನ್ನೋ ಮಾತಿನ ಮೇಲೆ. ಸ್ಕ್ಯಾನಿಂಗ್‌ನ ಗ್ರೇಡ್ ಹೇಳುವುದು ಕೊಬ್ಬು ಎಷ್ಟಿದೆ ಅಂತ. ನಾರು ಎಷ್ಟು ಕಟ್ಟಿದೆ ಅಂತ ಅಲ್ಲ. ಗ್ರೇಡ್ 1 ಇದ್ದವರಿಗೂ ಒಳಗೆ ನಾರು ಕಟ್ಟಿರಬಹುದು. ಲಿವರ್‌ನ ರಕ್ತಪರೀಕ್ಷೆ ನಾರ್ಮಲ್ ಬಂದರೂ ಅಷ್ಟೇ, ನಂಬಿ ಕೂರುವಂತಿಲ್ಲ. ಆದ್ದರಿಂದ ಡಾಕ್ಟರ ಹತ್ತಿರ ‘ಫಿಬ್-4’ ಲೆಕ್ಕ ಹಾಕಿಕೊಡಿ ಅಂತ ಕೇಳಿ. ನಿಮ್ಮ ವಯಸ್ಸು, ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್ ಇಷ್ಟಿದ್ದರೆ ಸಾಕು, ದುಬಾರಿಯೇನಲ್ಲ. ಅನುಮಾನ ಬಂದರೆ ಅವರೇ ಫೈಬ್ರೋಸ್ಕ್ಯಾನ್‌ಗೆ ಬರೆದುಕೊಡುತ್ತಾರೆ. ಕೇಂದ್ರ ಸರ್ಕಾರ 2021ರಲ್ಲೇ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಕ್ಯಾನ್ಸರ್ ತಡೆಯುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಸರ್ಕಾರಕ್ಕೆ ಅರ್ಥವಾಗಿದ್ದು ನಮಗೆ ಯಾಕೆ ಆಗಬಾರದು?

ಸಮಾಧಾನದ ಸಂಗತಿ ಅಂದರೆ, ಸಿರೋಸಿಸ್‌ಗೆ ಮುಂಚೆ ಹಿಡಿದರೆ ಲಿವರ್ ಬಹಳಷ್ಟು ಚೇತರಿಸಿಕೊಳ್ಳುತ್ತದೆ. ತೂಕ ಹೆಚ್ಚಿರುವವರು ಅದರಲ್ಲಿ ನೂರಕ್ಕೆ 7ರಿಂದ 10ರಷ್ಟು ಇಳಿಸಿದರೆ ಉರಿಯೂತವೂ ತಗ್ಗುತ್ತದೆ. ಅಂದರೆ 70 ಕೆ.ಜಿ. ಇರುವವರು 5ರಿಂದ 7 ಕೆ.ಜಿ. ‘ಎಣ್ಣೆ ಬಿಟ್ಟಿದ್ದೀನಿ’ ಅಂತ ಹೇಳಿ ಎರಡು ಹೊತ್ತು ಅನ್ನ ಪೇರಿಸಿಕೊಂಡರೆ ಆಗೋಲ್ಲ ಮತ್ತೆ. ಲಿವರ್ ಶುದ್ಧಿಯ ಕಷಾಯ ಅಂತ ಯಾರೋ ಮೊಬೈಲ್‌ಗೆ ಕಳಿಸಿದ್ದನ್ನು ಕುದಿಸಿ ಕುಡಿಯಬೇಡಿ. ಕಾಫಿ ಬಿಡಬೇಕಾಗಿಲ್ಲ, ಅದು ಲಿವರ್‌ಗೆ ಒಳ್ಳೆಯದೇ. ಸಕ್ಕರೆ ಬಿಡಿ.

ನಾನು ಮೊದಲು ಬಿಟ್ಟಿದ್ದು, ‘ದಂಡವಾಗುತ್ತಲ್ಲ’ ಅಂತ ರಾತ್ರಿ ಉಳಿದ ಅನ್ನವನ್ನು ನಾನೇ ಮುಗಿಸುವುದನ್ನ. ಜತೆಗೆ ಮುಕ್ಕಾಲು ಗಂಟೆ ನಡಿಗೆ. ಎಂಟು ತಿಂಗಳಲ್ಲಿ 5 ಕೆ.ಜಿ. ಇಳಿದಿದ್ದೇನೆ. ರಿಪೋರ್ಟು ಈಗ ಫ್ರಿಜ್ ಮೇಲೆ ಹಾಲಿನ ಲೆಕ್ಕದ ಪಕ್ಕದಲ್ಲಿದೆ.