ಜಲವಿಲ್ಲದ ಜಲಮಂದಿರ

ನನ್ನ ವಿದ್ಯಾರ್ಥಿಗಳು ಪ್ರವಾಸದಿಂದ ಮರಳಿ, ವಿಜಯಪುರದಲ್ಲಿ ಮೊಬೈಲಿನಿಂದ ತೆಗೆದ ಚಿತ್ರಗಳನ್ನು ಈಚೆಗೆ ನನಗೆ ತೋರಿಸಿದರು. ಅವುಗಳಲ್ಲಿ ಜಲಮಂದಿರದ್ದೂ ಒಂದು. ಕುಸುರಿಗೆಲಸದ ಪುಟ್ಟ ಮಂಟಪ. ಒಂದು ಕಾಲಕ್ಕೆ ಕೊಳದ ನಡುವೆ ನಿಂತಿದ್ದುದು. ಚಿತ್ರದಲ್ಲಿ ಮಂದಿರವಿತ್ತು, ಜಲವಿರಲಿಲ್ಲ. ನಾನು ಲೊಕ್ಕನಹಳ್ಳಿಯ ಕಡೆಯವನು; ಮಳೆಯನ್ನು ನೆಚ್ಚಿದ ಸೀಮೆಯವನ ಕಣ್ಣು ಮೊದಲು ನೀರನ್ನೇ ಅರಸುತ್ತದೆ.

ಆದಿಲ್‌ಶಾಹಿಗಳ ಆ ನಗರದ ನಿಜವಾದ ಅದ್ಭುತ ಗುಮ್ಮಟವಲ್ಲ, ನೆಲದಡಿಯ ನೀರಿನ ದಾರಿ ಎಂಬುದು ನನ್ನ ಮತ. 1651ರಲ್ಲಿ ಮಹಮ್ಮದ್ ಆದಿಲ್‌ಶಹನು ಕಟ್ಟಿಸಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಕ್ಕೆ ಬರುತ್ತಿತ್ತು. ನಡುನಡುವೆ ‘ಗಂಜ್’ ಎಂಬ ಗೋಪುರಗಳು. ಅವು ನೀರಿನ ಒತ್ತಡವನ್ನು ತಗ್ಗಿಸಿ ಕೊಳವೆ ಒಡೆಯದಂತೆ ಕಾಯುತ್ತಿದ್ದವು. ಹೂಳು ಅವುಗಳ ತಳದಲ್ಲೇ ನಿಲ್ಲುತ್ತಿತ್ತು. ಗಂಜಿನ ಚಿತ್ರವನ್ನು ಒಬ್ಬರೂ ತೆಗೆದಿರಲಿಲ್ಲ. ಪಾಪ, ಅದಕ್ಕೆ ಚೆಲುವಿಲ್ಲ!

1620ರ ತಾಜ್ ಬಾವಡಿಯ ಕಮಾನನ್ನಾದರೋ ಎಲ್ಲರೂ ಹಿಡಿದಿದ್ದರು. ಬಳಕೆ ತಪ್ಪಿ, ಕಸವೂ ವಿಸರ್ಜಿಸಿದ ಗಣಪತಿ ಮೂರ್ತಿಗಳೂ ಬಿದ್ದು ಕೆಟ್ಟಿದ್ದ ಆ ಬಾವಿಯ ಹೂಳನ್ನು ಈಚಿನ ವರ್ಷಗಳಲ್ಲಿ ತೆಗೆಸಿದ್ದಾರೆ. ಸಂತೋಷವೇ. ಆದರೆ ನೀರು ಕೊಳೆತಿದ್ದಾಗಲೂ ಕಮಾನಿನ ಚಿತ್ರ ಇಷ್ಟೇ ಸೊಗಸಾಗಿ ಬರುತ್ತಿತ್ತಲ್ಲವೆ? ಅದು ಸಾಕ್ಷಿಯಲ್ಲ, ಮರೆ. ಒಂದೇ ಮೆಟ್ಟಿಲಿನ ಮೇಲೆ ನಿಂತು ಪ್ರತಿ ಬೇಸಿಗೆಯೂ ನೀರಿನ ಮಟ್ಟವನ್ನು ಚಿತ್ರಿಸಿಟ್ಟರೆ, ಉಪೇಕ್ಷೆ ಮತ್ತೆ ಮೊದಲಾದ ವರ್ಷವನ್ನು ಬೆರಳಿಟ್ಟು ತೋರಿಸಬಹುದು.

ಮುಂದಿನ ತಂಡಕ್ಕೆ ಈ ಕೆಲಸವನ್ನು ಒಪ್ಪಿಸಿದ್ದೇನೆ.

“ಬರಿಯ ನೀರೇ, ಸಾರ್?” ಎಂದಳೊಬ್ಬಳು.

“ನೀರೇ, ತಾಯಿ.”