ಹಾಲು ಹಿಡಿಯದ ಮಗು ಮತ್ತು ನಮ್ಮ ನಾಲಿಗೆ

ನಂದಿಕೂರಿನಲ್ಲಾಗಲಿ, ಪಡುಬಿದ್ರೆಯಿಂದ ಕಾರ್ಕಳದವರೆಗಿನ ಯಾವುದೇ ಊರಿನಲ್ಲಾಗಲಿ, ಹೆರಿಗೆಯಾದ ಮನೆಗೆ ಹೋದವರು ಬಾಣಂತಿಗೆ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, 'ಹಾಲು ಸಾಕಾಗುತ್ತದಾ?' ಕಾಳಜಿಯಿಂದಲೇ ಕೇಳುತ್ತಾರೆ. ಆದರೆ ಮಗು ಹಾಲು ಹೀರಲಾರದೆ ಅಳುತ್ತಿರುವ ಮನೆಯಲ್ಲಿ ಆ ಪ್ರಶ್ನೆ ತಾಯಿಯ ಎದೆಯನ್ನು ಚುಚ್ಚುತ್ತದೆ. ಅನಂತರದ ಮಾತುಗಳು ಇನ್ನೂ ಕಠೋರ: 'ನಮ್ಮ ಕಾಲದಲ್ಲಿ ಹೀಗಿರಲಿಲ್ಲ', 'ಇವಳಿಗೆ ತಾಳ್ಮೆಯೇ ಇಲ್ಲ'. ಪತಿ ಗಲ್ಫ್‌ನಲ್ಲಿದ್ದರಂತೂ ಆಕೆ ಈ ಮಾತುಗಳನ್ನೆಲ್ಲ ಒಬ್ಬಳೇ ಕೇಳಿಸಿಕೊಳ್ಳಬೇಕು.

ಪವಿತ್ರ ಕುರ್‌ಆನ್‌ನ ಅಲ್ ಕಸಸ್ ಅಧ್ಯಾಯದಲ್ಲಿ ಹಾಲು ಹಿಡಿಯದ ಒಂದು ಮಗುವಿನ ವೃತ್ತಾಂತವಿದೆ. ಆ ಮಗು ಪ್ರವಾದಿ ಮೂಸಾ(ಅ). ಫಿರ್‌ಔನನ ಅರಮನೆಯಲ್ಲಿ ಯಾವ ದಾದಿಯ ಹಾಲನ್ನೂ ಅವರು ಸ್ವೀಕರಿಸಲಿಲ್ಲ. ಅದು ಆ ದಾದಿಯರ ತಪ್ಪಾಗಿರಲಿಲ್ಲ, ಅಲ್ಲಾಹನ ನಿರ್ಧಾರವಾಗಿತ್ತು. ಅತ್ತ ತಾಯಿಯ ಹೃದಯ ಬರಿದಾಗಿತ್ತು. ಆಗ ನೆರವಾದವಳು ಮಗುವಿನ ಅಕ್ಕ. ಅವಳು ಯಾರನ್ನೂ ದೂಷಿಸಲಿಲ್ಲ. ದೂರದಿಂದ ಗಮನಿಸಿ, ಸಮಯ ಬಂದಾಗ ಮಗುವನ್ನು ಸಾಕಬಲ್ಲ ಮನೆಯ ದಾರಿ ತೋರಿಸಿದಳು. ತಾಯಿಯ ಕಣ್ಣು ತಂಪಾಗಲೆಂದು, ಆಕೆ ದುಃಖಿಸದಿರಲೆಂದು ಅಲ್ಲಾಹನು ಮಗುವನ್ನು ಮರಳಿಸಿದನು. ಸಂಕಟದಲ್ಲಿರುವ ಮನೆಗೆ ಹೋಗುವ ನಮಗೆ ಆ ಅಕ್ಕನೇ ಮಾದರಿಯಾಗಬೇಕು.

ಅಲ್ ಬಕರ ಅಧ್ಯಾಯದ 233ನೇ ಸೂಕ್ತವನ್ನು ನಾವು ಎರಡು ವರ್ಷ ಹಾಲುಣಿಸುವ ವಿಧಿಯಾಗಿ ಮಾತ್ರ ನೆನಪಿಟ್ಟುಕೊಂಡಿದ್ದೇವೆ. ಅದೇ ಸೂಕ್ತ ತಾಯಿಯ ಅನ್ನ, ಬಟ್ಟೆಯ ಹೊಣೆಯನ್ನು ತಂದೆಯ ಮೇಲಿರಿಸುತ್ತದೆ. ಮಗುವಿನ ನೆಪದಲ್ಲಿ ತಾಯಿಗಾಗಲಿ ತಂದೆಗಾಗಲಿ ಸಂಕಷ್ಟ ಕೊಡಬಾರದೆನ್ನುತ್ತದೆ. ಅವಧಿಗೆ ಮೊದಲೇ ಹಾಲು ಬಿಡಿಸಬೇಕಾದರೆ ಇಬ್ಬರೂ ಸಮಾಲೋಚಿಸಿ ತೀರ್ಮಾನಿಸಲಿ, ಅದರಲ್ಲಿ ದೋಷವಿಲ್ಲವೆಂದು ತಿಳಿಸುತ್ತದೆ. ಅಲ್ಲಾಹನೇ ದೋಷವಿಲ್ಲವೆಂದ ಕಡೆ ದೋಷ ಹುಡುಕಲು ನಾವು ಯಾರು?

ಮಗು ಹಾಲು ಕುಡಿಯದಿರಲು ಕಾರಣಗಳಿವೆ. ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಗರ್ಭದಲ್ಲಿ ಸುಮಾರು 34ನೇ ವಾರದ ಹೊತ್ತಿಗೆ ಕೂಡಿಬರುತ್ತದೆ. ಅದಕ್ಕೆ ಮೊದಲೇ ಹುಟ್ಟಿದ ಶಿಶುವಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಸೀಳು ಅಂಗುಳಿನ ಮಗುವಿಗೆ ಬಾಯಲ್ಲಿ ಹೀರುವ ಒತ್ತಡ ಉಂಟಾಗುವುದಿಲ್ಲ. ಹೃದಯದ ತೊಂದರೆಯಿರುವ ಮಗು ಕುಡಿಯುತ್ತಲೇ ಬೆವರಿ ದಣಿಯುತ್ತದೆ. ತುಸು ದೊಡ್ಡದಾದ ಮೇಲೆ ರಾಗಿ ಮಣ್ಣಿ ಕಂಡರೆ ಬಾಯಿ ಬಿಗಿಹಿಡಿಯುವ, ಒಂದೆರಡು ತಿನಿಸು ಬಿಟ್ಟು ಬೇರೇನನ್ನೂ ಮುಟ್ಟದ ಮಕ್ಕಳಿದ್ದಾರೆ. ಆಟಿಸಂ ಇರುವ ಮಕ್ಕಳಲ್ಲಿ ಇದು ಹೆಚ್ಚು. ಮೂಗು ಹಿಡಿದು ತುರುಕುವುದರಿಂದ ಮಗುವಿಗೆ ಊಟದ ಭಯ ಹೆಚ್ಚುತ್ತದೆ, ಆಹಾರ ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ.

ಕುಡಿಯುವಾಗ ಪದೇ ಪದೇ ಕೆಮ್ಮುವುದು, ತುಟಿ ನೀಲಿಯಾಗುವುದು, ಮೂತ್ರ ಕಡಿಮೆಯಾಗುವುದು, ತೂಕ ಏರದಿರುವುದು ಕಂಡರೆ ದೃಷ್ಟಿ ತೆಗೆಸುವುದರಲ್ಲಿ ದಿನ ಕಳೆಯಬಾರದು. ದುಆ ಮಾಡೋಣ, ವೈದ್ಯರ ಬಳಿಗೂ ಹೋಗೋಣ. ಚಿಕಿತ್ಸೆ ಪಡೆಯಿರೆಂದು ಕಲಿಸಿದವರು ಪ್ರವಾದಿ(ಸ)ರೇ. ಹಾಗೆಯೇ ಜೇನಿನಲ್ಲಿ ಶಮನವಿದೆಯೆಂಬುದು ನಮ್ಮ ವಿಶ್ವಾಸ. ಆದರೆ ಒಂದು ವರ್ಷ ತುಂಬದ ಶಿಶುವಿಗೆ ಅದರಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ರೋಗ ಬರಬಹುದೆಂದು ವೈದ್ಯರು ಎಚ್ಚರಿಸುತ್ತಾರೆ. ತಹ್‌ನೀಕ್‌ಗೆ ಹದೀಸ್‌ಗಳಲ್ಲಿ ಬಂದಿರುವುದು ಖರ್ಜೂರ.

ಸಹಾಯ ದೂರದಲ್ಲಿಲ್ಲ. ಆಶಾ ಕಾರ್ಯಕರ್ತೆಯರು ಹೆರಿಗೆಯ ಬಳಿಕ 42 ದಿನಗಳವರೆಗೆ ಮನೆಭೇಟಿ ಮಾಡುತ್ತಾರೆ. ಅವರ ಮುಂದೆ ಸಮಸ್ಯೆಯನ್ನು ಮುಚ್ಚಿಡಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸೀಳು ತುಟಿ, ಹೃದಯದೋಷ ಮುಂತಾದವುಗಳಿಗೆ ಉಚಿತ ಚಿಕಿತ್ಸೆಯ ವ್ಯವಸ್ಥೆಯಿದೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮಕ್ಕಳ ತಜ್ಞರೂ, ನುಂಗುವ ತೊಂದರೆಯನ್ನು ನೋಡುವ ವಾಕ್ ತಜ್ಞರೂ ಇದ್ದಾರೆ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕನ್ನು ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರು ದಾನವಿತ್ತ ಜಾಗದಲ್ಲಿ ಇಂದು ಸರಕಾರಿ ತಾಯಿ–ಮಕ್ಕಳ ಆಸ್ಪತ್ರೆ ಅವರ ಹೆಸರು ಹೊತ್ತು ನಿಂತಿದೆ. ಅವರು ನೆಲವನ್ನೇ ಕೊಟ್ಟರು. ಮಣಿಪಾಲಕ್ಕೆ ಹೋಗಿಬರುವ ಒಂದು ಗಾಡಿಯ ಬಾಡಿಗೆಯನ್ನು ನಮ್ಮ ಜಮಾಅತ್ ಕೊಡಲಾರದೇ?

ಪ್ರತಿ ಮಸೀದಿಯ ಆಡಳಿತ ಸಮಿತಿ ಇಂಥ ಮನೆಗಳಿಗಾಗಿ ಸಣ್ಣ ನಿಧಿಯೊಂದನ್ನು ತೆಗೆದಿಡಲಿ. ಖತೀಬರು ವರ್ಷಕ್ಕೊಮ್ಮೆಯಾದರೂ ಜುಮಾದಲ್ಲಿ ಈ ವಿಷಯವನ್ನೆತ್ತಲಿ. ಅತ್ತೆ, ನಾದಿನಿಯರು ರಾತ್ರಿ ಎರಡು ಗಂಟೆ ಮಗುವನ್ನೆತ್ತಿಕೊಂಡು ತಾಯಿಗೆ ನಿದ್ದೆ ಕೊಡಲಿ. ತಂದೆ ವಿದೇಶದಲ್ಲಿದ್ದರೆ ಫೋನಿನಲ್ಲಿ ಮಗುವಿನ ತೂಕ ಕೇಳುವ ಮುನ್ನ 'ನೀನು ಊಟ ಮಾಡಿದೆಯಾ?' ಎಂದು ಪತ್ನಿಯನ್ನು ಕೇಳಲಿ. ಮಗುವಿನ ಅಳು ಕೇಳಿ, ತಾಯಿಯ ತಳಮಳ ನೆನೆದು ಪ್ರವಾದಿ(ಸ)ರು ನಮಾಝನ್ನೇ ಚುಟುಕುಗೊಳಿಸುತ್ತಿದ್ದರು. ಅವರ ಅನುಯಾಯಿಗಳಾದ ನಾವು ಕನಿಷ್ಠ ನಮ್ಮ ಮಾತನ್ನಾದರೂ ಚುಟುಕುಗೊಳಿಸೋಣ. ಅಲ್ಲಾಹನು ಮೂಸಾ(ಅ)ರ ತಾಯಿಯ ಕಣ್ಣನ್ನು ತಂಪಾಗಿಸಿದಂತೆ ಈ ತಾಯಂದಿರ ಕಣ್ಣುಗಳನ್ನೂ ತಂಪಾಗಿಸಲಿ, ಆಮೀನ್.