ಪಶುವೈದ್ಯ ವೃತ್ತಿಯೂ ಚೇಣಿ ಬಂಡವಾಳವೂ



ನಮ್ಮ ಮನೆಗಳಿಂದ ಹೆಬ್ಬಾಳ, ಹಾಸನ, ಶಿವಮೊಗ್ಗಗಳ ಪಶುವೈದ್ಯ ಕಾಲೇಜುಗಳಿಗೆ ಹೋಗುವ ಮಕ್ಕಳಿದ್ದಾರೆ. ಕೊಟ್ಟಿಗೆ ಗೊಬ್ಬರವಿಲ್ಲದೆ ಅಡಿಕೆ ತೋಟ ನಿಲ್ಲದು, ದನವಿಲ್ಲದೆ ಗೊಬ್ಬರವಿಲ್ಲ, ಹೊತ್ತಿಗೆ ಒದಗುವ ದನದ ಡಾಕ್ಟರಿಲ್ಲದೆ ದನ ಉಳಿಯುವುದಿಲ್ಲ. ಆದುದರಿಂದ ಈ ವೃತ್ತಿಯ ಹಿತಾಹಿತ ನಮ್ಮದೂ ಹೌದು. ಬ್ರಿಟನ್ನಿನಲ್ಲಿ ಈ ವೃತ್ತಿಗೆ ಒದಗಿರುವ ಸ್ಥಿತಿಯನ್ನು ಸದಸ್ಯರ ಗಮನಕ್ಕೆ ತರುವುದು ಅಗತ್ಯವೆಂದು ನಮಗೆ ತೋರಿದೆ.

ಆ ದೇಶದಲ್ಲಿ ಪಶುವೈದ್ಯನ ಬಾಳಿಗೆ ಒಂದು ಏಣಿ ಇತ್ತು. ಓದು ಮುಗಿಸಿದವನು ಹಿರಿಯರೊಬ್ಬರ ಬಳಿ ಸಹಾಯಕನಾಗಿ ಸೇರುತ್ತಿದ್ದ. ಕೆಲವು ವರ್ಷ ದುಡಿದ ಮೇಲೆ ಪಾಲುದಾರನಾಗುತ್ತಿದ್ದ. ಹಿರಿಯರು ನಿವೃತ್ತರಾದಾಗ ಆಸ್ಪತ್ರೆ ಅವನ ಕೈಗೆ ಬರುತ್ತಿತ್ತು. ಜೇಮ್ಸ್ ಹೆರಿಯಟ್ ಎಂಬ ಹೆಸರಿನಲ್ಲಿ ಕಥೆಗಳನ್ನು ಬರೆದು ಪ್ರಸಿದ್ಧರಾದ ಆಲ್ಫ್ ವೈಟ್ 1940ರಲ್ಲಿ ಯಾರ್ಕ್‌ಷೈರಿನ ಥರ್ಸ್ಕ್ ಊರಿಗೆ ಸಹಾಯಕರಾಗಿ ಹೋದವರು. ಮುಂದೆ ಅಲ್ಲಿಯೇ ಪಾಲುದಾರರಾದರು. ಊರೂ ಡಾಕ್ಟರೂ ಒಬ್ಬರಿಗೊಬ್ಬರು ಕಟ್ಟುಬಿದ್ದ ವ್ಯವಸ್ಥೆ ಅದು.

1999ರಲ್ಲಿ ಪಶುವೈದ್ಯರಲ್ಲದವರೂ ಆಸ್ಪತ್ರೆಗಳ ಒಡೆಯರಾಗಬಹುದೆಂದು ಅಲ್ಲಿ ನಿಯಮ ಸಡಿಲವಾಯಿತು. ಅನಂತರ ದೊಡ್ಡ ಕಂಪೆನಿಗಳು ಬಂದವು. ಅವುಗಳ ಹಿಂದೆಯೇ ಪ್ರೈವೇಟ್ ಈಕ್ವಿಟಿ ಎಂಬ ಬಂಡವಾಳ ಬಂತು. ಸ್ಪರ್ಧೆ ಮತ್ತು ಮಾರುಕಟ್ಟೆಗಳನ್ನು ನೋಡಿಕೊಳ್ಳುವ ಅಲ್ಲಿನ ಸರಕಾರಿ ಪ್ರಾಧಿಕಾರದ ಲೆಕ್ಕದಂತೆ, 2013ರಲ್ಲಿ ದೊಡ್ಡ ಸಮೂಹಗಳ ಕೈಯಲ್ಲಿದ್ದ ಪಶುವೈದ್ಯ ಆಸ್ಪತ್ರೆಗಳು ಶೇ. 10 ಮಾತ್ರ. ಹತ್ತೇ ವರ್ಷಗಳಲ್ಲಿ ಅವು ಸುಮಾರು ಶೇ. 60 ಆದವು. ಆರು ದೊಡ್ಡ ಸಮೂಹಗಳಲ್ಲಿ ಮೂರರ ಹಿಂದೆ ಈ ಬಗೆಯ ಬಂಡವಾಳವಿತ್ತು.

ಈ ಬಂಡವಾಳ ಎಂಥದು? ಪಿಂಚಣಿ ನಿಧಿಗಳಿಂದ, ವಿಮಾ ಕಂಪೆನಿಗಳಿಂದ, ಸಿರಿವಂತರಿಂದ ಹಣ ಕೂಡಿಸುತ್ತಾರೆ. ಅದಕ್ಕೆ ಸಾಲವನ್ನೂ ಸೇರಿಸಿ ಸಂಸ್ಥೆಗಳನ್ನು ಕೊಳ್ಳುತ್ತಾರೆ. ಸಾಮಾನ್ಯವಾಗಿ ಆ ಸಾಲದ ಹೊರೆ ಬೀಳುವುದು ಕೊಂಡ ಸಂಸ್ಥೆಯ ಮೇಲೆಯೇ. ಐದಾರು ವರ್ಷಗಳಲ್ಲಿ ಆದಾಯ ಏರಿಸಿ, ಹೆಚ್ಚಿನ ಬೆಲೆಗೆ ಮಾರಿ ಹೊರನಡೆಯುವುದು ಗುರಿ. ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ಚೇಣಿಗೆ ಕೊಟ್ಟ ತೋಟ ನೋಡಿದ್ದೇವೆ. ಚೇಣಿದಾರ ಕೆಟ್ಟವನೇನಲ್ಲ, ಕೊಯ್ಲನ್ನು ಚೊಕ್ಕವಾಗಿಯೇ ಮಾಡುತ್ತಾನೆ. ಆದರೆ ಸತ್ತ ಮರದ ಜಾಗದಲ್ಲಿ ಸಸಿ ನೆಡು ಎಂದರೆ ಅವನೇಕೆ ನೆಟ್ಟಾನು? ಅದು ಫಸಲು ಕೊಡುವ ಹೊತ್ತಿಗೆ ಅವನು ಆ ತೋಟದಲ್ಲಿ ಇರುವುದಿಲ್ಲ.

ಪಶುವೈದ್ಯ ವೃತ್ತಿಯಲ್ಲಿ ಸಸಿಯೆಂದರೆ ಕಿರಿಯ ವೈದ್ಯರು. ದೊಡ್ಡ ಬಂಡವಾಳ ಕೊಡುವ ಬೆಲೆ ನಿವೃತ್ತಿಯ ಹೊಸ್ತಿಲಲ್ಲಿರುವ ಹಿರಿಯನಿಗೆ ಲಾಭವೇ. ಅವನು ಮಾರಿದ್ದನ್ನು ನಾವು ತಪ್ಪೆನ್ನಲಾರೆವು. ಆದರೆ ಓದಿನ ಸಾಲ ಹೊತ್ತ ಸಹಾಯಕ ಆ ಬೆಲೆಗೆ ಸಮನಾಗಿ ಕೂಗಲಾರ. ಹಿರಿಯನು ಒಮ್ಮೆ ಮಾರಿದರೆ, ಕಿರಿಯನ ಏಣಿಯ ಮೇಲಿನ ಮೆಟ್ಟಿಲೇ ಮುರಿದಂತೆ. ಅವನು ಬಾಳುದ್ದಕ್ಕೂ ಸಂಬಳಗಾರ.

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ದೊಡ್ಡ ಸಮೂಹಗಳಲ್ಲಿ ರಜೆ, ತರಬೇತಿ, ಒಳ್ಳೆಯ ಯಂತ್ರೋಪಕರಣಗಳು ದೊರೆಯುತ್ತವೆ. ರಾತ್ರಿಪಾಳಿ ಹಂಚಿಹೋಗುತ್ತದೆ. ಮಕ್ಕಳನ್ನು ಸಾಕುವ ವಯಸ್ಸಿನ ಹೆಣ್ಣುಮಕ್ಕಳಿಗೂ, ಲೆಕ್ಕಪತ್ರದ ಗೋಜು ಬೇಡವೆನ್ನುವವರಿಗೂ ಇದು ಅನುಕೂಲವೇ. ಹಳೆಯ ಒಡೆಯರೆಲ್ಲ ಧರ್ಮರಾಯರಾಗಿದ್ದರೆಂದು ನಾವೂ ಹೇಳುವುದಿಲ್ಲ.

ಆದರೂ ತಕರಾರು ಎದ್ದಿದೆ. 2023ರ ಸೆಪ್ಟೆಂಬರಿನಲ್ಲಿ ಆ ಪ್ರಾಧಿಕಾರ ಸಾಕುಪ್ರಾಣಿಗಳ ಚಿಕಿತ್ಸೆಯ ವಿಚಾರಣೆಗೆ ತೊಡಗಿದಾಗ ಜನರಿಂದಲೂ ವೃತ್ತಿಯವರಿಂದಲೂ ಸುಮಾರು 56,000 ಉತ್ತರಗಳು ಬಂದವು. 2025ರ ಅಕ್ಟೋಬರಿನ ಮಧ್ಯಂತರ ತೀರ್ಮಾನದಲ್ಲಿ, ದೊಡ್ಡ ಸಮೂಹಗಳ ದರ ಸ್ವತಂತ್ರ ಆಸ್ಪತ್ರೆಗಳಿಗಿಂತ ಸರಾಸರಿ ಶೇ. 16.6 ಹೆಚ್ಚೆಂದು ಅದು ಹೇಳಿತು. ದರ ಏರಿದರೆ ದುಡಿಯುವವರಿಗೆ ನೆಮ್ಮದಿಯೇ? 2024ರ ಜುಲೈಯಲ್ಲಿ ದಕ್ಷಿಣ ವೇಲ್ಸಿನಲ್ಲಿ ಅಂಥ ಒಂದು ಸಮೂಹದ ವೈದ್ಯರೂ ದಾದಿಯರೂ ಸಂಬಳಕ್ಕಾಗಿ ಮುಷ್ಕರ ಹೂಡಿದರು.

ಇನ್ನೂ ಒಂದು ತೊಡಕಿದೆ. ಅಲ್ಲಿನ 1966ರ ಕಾಯಿದೆ ಕಟ್ಟಿಹಾಕುವುದು ಪಶುವೈದ್ಯನನ್ನು, ಅವನ ಒಡೆಯನನ್ನಲ್ಲ. ತಪ್ಪಾದರೆ ನೋಂದಣಿ ಕಳೆದುಕೊಳ್ಳುವವನು ವೈದ್ಯ. ಈ ತಿಂಗಳು ಇಷ್ಟು ಆದಾಯ ಬರಲಿ ಎಂದು ಗೊತ್ತುಮಾಡುವವನು ಬೇರೆ. ಹೊಣೆ ಒಬ್ಬನದು, ಹುಕುಂ ಇನ್ನೊಬ್ಬನದು ಆದಲ್ಲಿ ಯಾವ ಕಸುಬೂ ಬಹುಕಾಲ ಗೌರವದಿಂದ ಉಳಿಯದು.

ನಮ್ಮಲ್ಲಿ ದನಕರುಗಳ ಚಿಕಿತ್ಸೆ ಬಹುಮಟ್ಟಿಗೆ ಸರಕಾರಿ ಆಸ್ಪತ್ರೆಗಳಿಂದಲೂ ಹಾಲು ಒಕ್ಕೂಟಗಳಿಂದಲೂ ನಡೆಯುತ್ತಿದೆ. ಹಳ್ಳಿಯ ಎಮ್ಮೆಯನ್ನು ಹುಡುಕಿಕೊಂಡು ಈ ಬಂಡವಾಳ ನಾಳೆಯೇ ಬರುವುದಿಲ್ಲ. ಅದು ಬರುವುದು ಪಟ್ಟಣದ ನಾಯಿ-ಬೆಕ್ಕುಗಳ ಆಸ್ಪತ್ರೆಗೆ. ಆದರೆ ನಮ್ಮ ಮಕ್ಕಳನ್ನು ಅದು ಅಲ್ಲಿಗೆ ಕರೆಯುತ್ತದೆ. ಹಳ್ಳಿಯ ಕೊಟ್ಟಿಗೆಗೆ ಬರುವವರು ಆ ಮಟ್ಟಿಗೆ ಕಡಿಮೆಯಾಗುತ್ತಾರೆ. ಹೋಗಬೇಡಿ ಎನ್ನಲು ನಾವು ಯಾರು? ಹೋಗುವ ಮುನ್ನ ಕರಾರುಪತ್ರವನ್ನು ಪೂರ್ತಿ ಓದಲಿ ಎಂದಷ್ಟೇ ಹೇಳುತ್ತೇವೆ. ಕೆಲಸ ಬಿಟ್ಟ ಮೇಲೆ ಆ ಸುತ್ತಿನಲ್ಲಿ ಸ್ವಂತ ಆಸ್ಪತ್ರೆ ತೆರೆಯಕೂಡದೆಂಬ ಷರತ್ತಿದೆಯೇ, ಮುಂದೆ ಪಾಲುದಾರಿಕೆಗೆ ದಾರಿಯಿದೆಯೇ, ಒಡೆತನ ಕೈಬದಲಾದರೆ ತಮ್ಮ ಗತಿಯೇನು ಎಂಬ ಮೂರನ್ನು ಕೇಳಿ ತಿಳಿಯಲಿ.

ಸಂಘದ ಕರ್ತವ್ಯವೂ ಇದೆ. ಹಣ ಹಾಕುವವನೂ ಸೇವೆ ಪಡೆಯುವವನೂ ಒಬ್ಬನೇ ಆಗಿರುವುದು ಸಹಕಾರದ ತಿರುಳು. ನಮ್ಮ ಪಾಲುಬಂಡವಾಳ ಐದು ವರ್ಷಕ್ಕೆ ಲಾಭ ಕಟ್ಟಿಕೊಂಡು ಊರು ಬಿಡುವುದಲ್ಲ. ನೆರೆಯ ಹಾಲು ಸಂಘಗಳೊಡನೆ ಸೇರಿ, ಒಬ್ಬ ಕಿರಿಯ ಪಶುವೈದ್ಯರಿಗೆ ವಾಸಕ್ಕೆ ಮನೆ, ಔಷಧ ದಾಸ್ತಾನಿಗೆ ಮುಂಗಡ, ವರ್ಷದ ಖಾತರಿ ಆದಾಯ ಇಷ್ಟನ್ನು ಒದಗಿಸಿ, ಕ್ರಮೇಣ ಆ ಚಿಕಿತ್ಸಾಲಯ ಅವರ ಸ್ವಂತದ್ದಾಗುವಂತೆ ಏರ್ಪಾಡು ಮಾಡಲಾಗದೇ? ಖರ್ಚು ಎಷ್ಟಾದೀತೆಂಬ ಲೆಕ್ಕ ಹಾಕಿ, ಬರುವ ಮಹಾಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಆಡಳಿತ ಮಂಡಳಿಯನ್ನು ಕೋರುತ್ತೇವೆ. ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಸಂಘದ ಕಚೇರಿಗೆ ಬರೆದು ತಿಳಿಸಲಿ. ಪಶುವೈದ್ಯ ಓದುತ್ತಿರುವ ಮಕ್ಕಳಿದ್ದರೆ ಅವರಿಂದಲೂ ಬರೆಸಲಿ.